ಸಕ್ಯುಲೆಂಟ್: ಒಂದೆಲೆಯಿಂದ ಗಿಡ ಮಾಡುವ ಮಲೆನಾಡಿನ ಕ್ರಮ

ಸಕ್ಯುಲೆಂಟ್ ಗಿಡಗಳನ್ನು, ಅಂದರೆ ದಪ್ಪ ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಳ್ಳುವ ಗಿಡಗಳನ್ನು, ನಾನು ಮೊದಲ ಸಲ ಮನೆಗೆ ತಂದದ್ದು ಆಗಸ್ಟ್ ತಿಂಗಳಲ್ಲಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಲು ಹೋದವಳು ಆರು ಪುಟ್ಟ ಕುಂಡಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೇ ಇರಿಸಿಕೊಂಡು ತೀರ್ಥಹಳ್ಳಿಗೆ ಬಂದೆ. ಬಸ್ಸಿಳಿದಾಗ ಮಘಾ ಮಳೆ ಹೊಯ್ಯುತ್ತಿತ್ತು. ಗಣಪತಿ ಹಬ್ಬದ ಹೊತ್ತಿಗೆ ಆರರಲ್ಲಿ ಐದು ಗಿಡಗಳು ಬುಡದಲ್ಲಿ ಕರಗಿ, ಮುಟ್ಟಿದರೆ ತಲೆ ಕೈಗೇ ಬರುತ್ತಿದ್ದವು. ಎರಡು ದಿನಕ್ಕೊಮ್ಮೆ ತಪ್ಪದೆ ನೀರು ಹಾಕಿದ್ದೆ, ಪ್ರೀತಿಯಿಂದಲೇ ಕೊಂದೆ.

ಆರನೆಯದು ಬದುಕಿದ್ದು ಅಮ್ಮನಿಂದ. ಜಗಲಿಯಲ್ಲಿ ಜಾಗಕ್ಕೆ ಅಡ್ಡ ಎಂದು ಅದನ್ನು ಬಚ್ಚಲೊಲೆಯ ಪಕ್ಕದ ಕಿಟಕಿಗೆ ಎತ್ತಿಟ್ಟು ಮರೆತಿದ್ದರು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ. ತಿಂಗಳ ಮೇಲೆ ನೋಡಿದರೆ ಗಿಡ ಕೊಂಚ ಸೊರಗಿತ್ತು, ಆದರೆ ಗಟ್ಟಿಯಾಗಿತ್ತು. ಅದರಿಂದ ಉದುರಿದ ಒಂದು ಎಲೆ ಕಿಟಕಿಯ ಕಟ್ಟೆಯ ಮೇಲೆ, ಮಣ್ಣಿಲ್ಲದೆ, ನೀರಿಲ್ಲದೆ ಬಿದ್ದಲ್ಲೇ ಗುಲಾಬಿ ಬಣ್ಣದ ಬೇರು ಬಿಟ್ಟು, ಮೆಣಸಿನಕಾಳಿನಷ್ಟು ಮರಿಯನ್ನು ಹೊತ್ತು ಕೂತಿತ್ತು. ನಾನು ಬೆರಗಾದೆ. ಅಮ್ಮ ಮಾತ್ರ, "ಹಲಸಿನ ಹಪ್ಪಳವನ್ನು ಹಸಿಯಿದ್ದಾಗಲೇ ಡಬ್ಬಿಗೆ ತುಂಬುತ್ತೀಯಾ? ಇದೂ ಹಾಗೇ ಇರಬೇಕು, ಮೊದಲು ಒಣಗಲಿ ಬಿಡು" ಎಂದರು.

ನನಗೆ ಸಿಕ್ಕ ಮೊದಲ ಪಾಠವೂ ಸರಿಯಾದ ಪಾಠವೂ ಅದೇ. ಅಡಿಕೆಯನ್ನು, ಹಪ್ಪಳವನ್ನು, ಕಾಳುಮೆಣಸನ್ನು ಒಣಗಿಸಿ ಗೊತ್ತಿರುವವರಿಗೆ ಈ ಕೆಲಸದ ಮುಕ್ಕಾಲು ಪಾಲು ಆಗಲೇ ಬರುತ್ತದೆ.

ಯಾವಾಗ ಶುರು ಮಾಡಬೇಕು

ಸಕ್ಯುಲೆಂಟ್ ಬಗ್ಗೆ ಓದಲು, ನೋಡಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳವು. ಎಲೆಗಳ ಮೇಲೆ ದಿನಾ ನೀರು ಚಿಮುಕಿಸಿ, ಪ್ಲಾಸ್ಟಿಕ್ ಹೊದಿಸಿ ಬೆಚ್ಚಗಿಡಿ ಎನ್ನುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಎಲೆಗೆ ಪ್ಲಾಸ್ಟಿಕ್ ಹೊದಿಸಿದರೆ ಏನಾದೀತು? ಶಿವಮೊಗ್ಗ ನಗರದ ಕಥೆ ಸ್ವಲ್ಪ ಬೇರೆ. ಅಲ್ಲಿ ಘಟ್ಟದ ಅಂಚಿನಷ್ಟು ಮಳೆಯಿಲ್ಲ. ನಮ್ಮ ಅತ್ತಿಗೆ ಅಲ್ಲಿನ ತಾರಸಿಯ ಮೇಲೆ ಮಳೆಗಾಲದಲ್ಲೂ ಅಷ್ಟಿಷ್ಟು ಗಿಡ ಎಬ್ಬಿಸುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಅದನ್ನು ನೋಡಿ ಆಸೆಪಡಬಾರದು.

ನಮ್ಮ ಕಡೆಗೆ ನಾನು ಇಟ್ಟುಕೊಂಡಿರುವ ಲೆಕ್ಕ ಮಳೆ ನಕ್ಷತ್ರದ್ದು. ಸ್ವಾತಿ ಮಳೆ ಮುಗಿಯಲಿ, ಅಂದರೆ ನವೆಂಬರ್ ಮೊದಲ ವಾರ ದಾಟಲಿ. ಅಂಗಳದಲ್ಲಿ ಅಡಿಕೆ ಹರವಿದರೆ ಒಣಗುತ್ತದೆ ಎನ್ನುವ ದಿನದಿಂದ ಎಲೆ ಕೀಳಬಹುದು. ಅಲ್ಲಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಮಾರ್ಚಿನಲ್ಲಿ ಶುರು ಮಾಡಿದರೂ ಬೇರು ಬರುತ್ತದೆ, ಆದರೆ ಜೂನಿನಲ್ಲಿ ಮೃಗಶಿರಾ ಮಳೆ ಹಿಡಿಯುವಷ್ಟರಲ್ಲಿ ಮರಿಗಳಿಗೆ ಇನ್ನೂ ಮೈ ಬಂದಿರುವುದಿಲ್ಲ, ಮೊದಲ ಮಳೆಗೇ ಹೋಗುತ್ತವೆ. ಡಿಸೆಂಬರಿನ ಬೆಳಗಿನ ಇಬ್ಬನಿಗೆ ಹೆದರಬೇಕಿಲ್ಲ. ತಟ್ಟೆಯನ್ನು ರಾತ್ರಿ ಮಾಡಿನ ಕೆಳಗೆ ಸರಿಸಿದರೆ ಸಾಕು.

ಎಲ್ಲ ಗಿಡವೂ ಎಲೆಯಿಂದ ಬರುವುದಿಲ್ಲ

ಹೊಸಬರು ಎಡವುವ ಇನ್ನೊಂದು ಜಾಗ ಇದು. ದಪ್ಪ ಎಲೆ ಕಂಡ ಕೂಡಲೇ ಕಿತ್ತು ಮಣ್ಣಿಗೆ ಚುಚ್ಚುತ್ತೇವೆ. ಗುಲಾಬಿ ಹೂವಿನಂತೆ ದುಂಡಗೆ ಎಲೆ ಜೋಡಿಸಿಕೊಳ್ಳುವ ಎಚೆವೇರಿಯಾ, ಅದರ ನೆಂಟರಾದ ಗ್ರಾಪ್ಟೊಪೆಟಾಲಮ್, ಸೀಡಮ್, ಪುಟ್ಟ ಮರದಂತೆ ಕೊಂಬೆಯೊಡೆಯುವ ಜೇಡ್ ಇವು ಒಂದೆಲೆಯಿಂದ ಬರುತ್ತವೆ. ಲೋಳೆಸರದ ಎಲೆ ಮಣ್ಣಿನಲ್ಲಿ ಕೊಳೆಯುತ್ತದೆಯೇ ಹೊರತು ಗಿಡವಾಗುವುದಿಲ್ಲ, ಅದಕ್ಕೆ ಬುಡದ ಮರಿಯೇ ಬೇಕು. ಪುಟ್ಟ ಲೋಳೆಸರದಂತೆ ಕಾಣುವ ಹವೊರ್ಥಿಯಾ ಕೂಡ ಮರಿಯಿಂದಲೇ ಸುಲಭ. ಕತ್ತಿಯಂತೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟಿನ ಎಲೆಯನ್ನು ನಾಲ್ಕು ಇಂಚಿನ ತುಂಡುಗಳಾಗಿ ಕತ್ತರಿಸಿ ನೆಟ್ಟರೆ ಬೇರು ಬರುತ್ತದೆ, ಆದರೆ ತುಂಡಿನ ಕೆಳಭಾಗ ಕೆಳಗೇ ಇರಬೇಕು. ತಲೆಕೆಳಗಾಗಿ ನೆಟ್ಟರೆ ಬೇರಿಲ್ಲ, ಆದ್ದರಿಂದ ಕತ್ತರಿಸುವಾಗಲೇ ಗುರುತು ಮಾಡಿಟ್ಟುಕೊಳ್ಳಿ. ಹಳದಿ ಅಂಚಿನ ಜಾತಿಯನ್ನು ಎಲೆಯಿಂದ ಬೆಳೆಸಿದರೆ ಮರಿಗಳಿಗೆ ಆ ಹಳದಿ ಅಂಚು ಬರುವುದಿಲ್ಲ, ಬರೀ ಹಸಿರು ಬರುತ್ತದೆ. ಅಂಚು ಬೇಕೆಂದರೆ ಗೆಡ್ಡೆಯ ಸಮೇತ ಬುಡವನ್ನೇ ಒಡೆದು ನೆಡಬೇಕು.

ಕೈ ಪಳಗಬೇಕು ಎನ್ನುವವರಿಗೆ ನನ್ನ ಸಲಹೆ: ಹಿತ್ತಲಿನ ಬ್ರಹ್ಮಕಮಲದಿಂದ ಶುರು ಮಾಡಿ. ಮಳೆಗಾಲದ ರಾತ್ರಿ ಅರಳುತ್ತದೆಂದು ನೆರೆಹೊರೆಯವರನ್ನೆಲ್ಲ ಕರೆದು ತೋರಿಸುತ್ತೇವಲ್ಲ, ಆ ಗಿಡ ಹಿಮಾಲಯದ ಬ್ರಹ್ಮಕಮಲವಲ್ಲ. ಮೆಕ್ಸಿಕೊ ಕಡೆಯ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವ ಒಂದು ಕ್ಯಾಕ್ಟಸ್. ನಾವು ಎಲೆ ಎನ್ನುವುದು ಅದರ ಚಪ್ಪಟೆ ಕಾಂಡ. ಮಳೆಕಾಡಿನ ಗಿಡವಾದ್ದರಿಂದ ನಮ್ಮ ತೇವ ಅದಕ್ಕೆ ಹಿತ. ಒಂದು ತುಂಡು ಮುರಿದು, ನಾಲ್ಕೈದು ದಿನ ನೆರಳಲ್ಲಿಟ್ಟು ನೆಟ್ಟರೆ ಬಹುಮಟ್ಟಿಗೆ ತಪ್ಪುವುದಿಲ್ಲ. ಕಾಡುಬಸಳೆಯಂತೂ ಇನ್ನೂ ಸುಲಭ. ಎಲೆಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರೂ ಅಂಚಿನ ಕಚ್ಚುಗಳಲ್ಲಿ ಮರಿ ಏಳುತ್ತದೆ. ಆದರೆ ಅದನ್ನು ಕೊಟ್ಟಿಗೆಯ ಹತ್ತಿರ ನೆಡಬೇಡಿ, ದನಕರುಗಳಿಗೆ ಅದು ವಿಷ. ಬೇಲಿಯಾಚೆ ಎಸೆದರೆ ಅಲ್ಲೂ ಹಬ್ಬುತ್ತದೆ.

ಎಲೆ ಕೀಳುವುದು

ಈಗ ಎಚೆವೇರಿಯಾದ ಒಂದು ಎಲೆಯನ್ನು ತೆಗೆದುಕೊಳ್ಳೋಣ. ಗಿಡಕ್ಕೆ ನಾಲ್ಕೈದು ದಿನ ನೀರು ಹಾಕಿರಬಾರದು. ನೀರು ಕುಡಿದ ಎಲೆ ಚಟ್ಟನೆ ನಡುವೆ ಮುರಿಯುತ್ತದೆ, ಕಿತ್ತ ಗಾಯವೂ ಬೇಗ ಆರುವುದಿಲ್ಲ. ಬುಡದ ಸಾಲಿನಲ್ಲಿ ಗಟ್ಟಿಯಾಗಿ, ಕಲೆಯಿಲ್ಲದೆ ಇರುವ ಎಲೆ ಆರಿಸಿ. ತೀರಾ ಕೆಳಗಿನ ಸುಕ್ಕುಗಟ್ಟಿದ ಎಲೆ ಬೇಡ, ಅದರ ಆಯಸ್ಸು ಮುಗಿದಿರುತ್ತದೆ. ನಡುವಿನ ಎಳೆಯ ಎಲೆಯೂ ಬೇಡ.

ಹೆಬ್ಬೆರಳು, ತೋರುಬೆರಳಿನಲ್ಲಿ ಎಲೆಯನ್ನು ಕಾಂಡಕ್ಕೆ ಅಂಟಿದ ಜಾಗದ ಹತ್ತಿರವೇ ಹಿಡಿಯಿರಿ. ಎಳೆಯಬೇಡಿ. ಎಡಕ್ಕೆ ಮೆಲ್ಲನೆ ವಾಲಿಸಿ, ಮತ್ತೆ ಬಲಕ್ಕೆ. ಬಾಗಿಲ ಅಗಳಿ ಸಡಿಲಿಸಿದಂತೆ ಎರಡು ಮೂರು ಸಲ. ಬಿಟ್ಟುಕೊಳ್ಳುವಾಗ ಬೆರಳಿಗೆ ಸಣ್ಣದೊಂದು ಟಿಕ್ ಎನ್ನುವುದು ತಿಳಿಯುತ್ತದೆ. ಕೈಗೆ ಬಂದ ಎಲೆಯ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಬುಡ ಪೂರ್ತಿ ಇರಬೇಕು, ತುಸು ಒಳಬಾಗಿದ ಬಟ್ಟಲಿನಂಥ ಗುರುತು ಇರಬೇಕು. ಹೊಸ ಗಿಡ ಹುಟ್ಟುವ ಜೀವಕೋಶಗಳಿರುವುದು ಅಲ್ಲೇ. ಬುಡ ಹರಿದು ಕಾಂಡದಲ್ಲೇ ಉಳಿದಿದ್ದರೆ ಆ ಎಲೆ ಎಷ್ಟು ಚೆಂದವಿದ್ದರೂ ಗೊಬ್ಬರಕ್ಕೆ. ನಾನು ಮೊದಲು ಕಿತ್ತ ಹತ್ತರಲ್ಲಿ ಏಳನ್ನು ಹೀಗೇ ಹಾಳು ಮಾಡಿದ್ದೆ.

ಎಲೆಯ ಮೇಲೆ ಬೂದಿ ಬಳಿದಂತೆ ಇರುವ ಬಿಳಿ ಪುಡಿ ಧೂಳಲ್ಲ, ಗಿಡ ತಾನೇ ಮಾಡಿಕೊಂಡ ಮೇಣ. ಒರೆಸಬೇಡಿ, ತೊಳೆಯಬೇಡಿ. ಒಮ್ಮೆ ಹೋದ ಜಾಗದಲ್ಲಿ ಮತ್ತೆ ಬರುವುದಿಲ್ಲ.

ಒಣಗಿಸುವುದು

ಕಿತ್ತ ಎಲೆಗಳನ್ನು ಅಡಿಕೆ ಹಾಳೆಯ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ, ಬೆನ್ನು ಕೆಳಗೆ ಮಾಡಿ ಹರವಿ. ತಟ್ಟೆ ಜಗಲಿಯ ಮೇಲೆ ಗಾಳಿಯಾಡುವ ನೆರಳಿನಲ್ಲಿರಲಿ. ಗಾಯದ ಮೇಲೆ ಪೊರೆ ಕಟ್ಟಬೇಕು, ಕೆಲಸ ಇಷ್ಟೇ. ಒಣ ಊರುಗಳಲ್ಲಿ ಎರಡು ಮೂರು ದಿನ ಸಾಕು. ನಮ್ಮಲ್ಲಿ ನಾನು ಒಂದು ವಾರ ಕಾಯುತ್ತೇನೆ. ಉಗುರಿನ ತುದಿಯಿಂದ ಮುಟ್ಟಿದಾಗ ಗಾಯದ ಜಾಗ ಅಂಟದೆ, ಒಣಗಿದ ಕುರುವಿನ ಹೊಪ್ಪಳೆಯಂತೆ ಗಟ್ಟಿಯಾಗಿದ್ದರೆ ಆಯಿತು. ಕೆಲವರು ಅರಿಶಿನ ಅಥವಾ ಚಕ್ಕೆಯ ಪುಡಿ ಹಚ್ಚುತ್ತಾರೆ. ನಾನೂ ಒಂದು ವರ್ಷ ಅರ್ಧಕ್ಕೆ ಹಚ್ಚಿ, ಅರ್ಧಕ್ಕೆ ಬಿಟ್ಟು ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ನೀರು) ಮಾತ್ರ ಯಾರೂ ಇದರ ಮೇಲೆ ಸುರಿಯಬೇಡಿ, ಎಲೆಗಳಿಗೆಲ್ಲ ನೀಲಿ ಸುಣ್ಣದ ಕಲೆಯಾಗಿ ನಿಲ್ಲುತ್ತದೆ.

ಈ ಹೊತ್ತಿನಲ್ಲಿ ನೀರು ಬೇಡವೇ ಬೇಡ. ಎಲೆಯೊಳಗೆ ಇರುವುದೇ ನೀರು. ಈ ಜಾತಿಯ ಗಿಡಗಳು ಹಗಲಿನ ಬಿಸಿಲಲ್ಲಿ ತಮ್ಮ ಉಸಿರಾಟದ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಕೂಡಿಟ್ಟುಕೊಳ್ಳುತ್ತವೆ. ಹಾಗಾಗಿ ನೀರು ಬಹಳ ನಿಧಾನವಾಗಿ ಖರ್ಚಾಗುತ್ತದೆ. ಬೇರೇ ಇಲ್ಲದ ಎಲೆಗೆ ನೀರು ಹಾಕುವುದು ಬಾಯಿಲ್ಲದವರಿಗೆ ಪಾಯಸ ಬಡಿಸಿದಂತೆ.

ಮಣ್ಣು, ಅಲ್ಲ, ಚೂರು

ಎಲೆ ಒಣಗುವ ವಾರದಲ್ಲಿ ಮಿಶ್ರಣ ಮಾಡಿಟ್ಟುಕೊಳ್ಳಿ. ತೋಟದ ಮಣ್ಣು ಜಿಗುಟು, ನೀರು ಬಿಡುವುದಿಲ್ಲ. ನರ್ಸರಿಯಿಂದ ಗಿಡ ಬರುವುದು ಸಾಮಾನ್ಯವಾಗಿ ಕೊಕೊಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ. ನಮ್ಮ ಕಡೆ ಅದು ಒಮ್ಮೆ ನೆಂದರೆ ಮಳೆಗಾಲ ಮುಗಿಯುವವರೆಗೆ ಒಣಗುವುದಿಲ್ಲ, ಆದ್ದರಿಂದ ಕೊಂಡ ಗಿಡವನ್ನು ಬೇಸಿಗೆಯಲ್ಲೇ ಅದರಿಂದ ಬಿಡಿಸಿ ಬೇರೆ ಮಿಶ್ರಣಕ್ಕೆ ಹಾಕಿ.

ನನ್ನ ಅಳತೆ ಹೀಗಿದೆ. ಇಟ್ಟಿಗೆ ಅಥವಾ ಜಂಬಿಟ್ಟಿಗೆ ಕುಟ್ಟಿದ ಚೂರು ಎರಡು ಪಾಲು, ತೊಳೆದ ದಪ್ಪ ಮರಳು ಒಂದು ಪಾಲು, ಸುಟ್ಟ ಭತ್ತದ ಹೊಟ್ಟು ಒಂದು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು. ಚೂರು ಮೆಣಸಿನಕಾಳಿಗೂ ಕಡಲೆಕಾಳಿಗೂ ನಡುವಿನ ಗಾತ್ರದಲ್ಲಿರಲಿ. ಕುಟ್ಟಿದ ಮೇಲೆ ಜರಡಿ ಹಿಡಿದು ಪುಡಿಯನ್ನು ಎಸೆಯಬೇಕು. ಆ ಕೆಂಪು ಪುಡಿ ಉಳಿದರೆ ಸಿಮೆಂಟಿನಂತೆ ಅಡಿಯಲ್ಲಿ ಕೂರುತ್ತದೆ. ಹೊಟ್ಟು ಕಪ್ಪಗೆ ಇದ್ದಿಲಾಗುವಷ್ಟೇ ಸುಟ್ಟಿರಬೇಕು, ಬಿಳಿ ಬೂದಿಯಾದದ್ದು ಕ್ಷಾರ ಹೆಚ್ಚು, ಬೇಡ. ಮಿಶ್ರಣ ಸರಿಯಿದೆಯೇ ನೋಡಲು ಒಂದು ಹಿಡಿ ನೆನೆಸಿ ಮುಷ್ಟಿ ಕಟ್ಟಿ ಬಿಡಿ. ಉಂಡೆಯಾಗಿ ನಿಂತರೆ ಇನ್ನಷ್ಟು ಚೂರು ಬೇಕು, ಬಿಚ್ಚಿ ಉದುರಿದರೆ ಸರಿ.

ಕುಂಡಕ್ಕೆ ದುಡ್ಡು ಸುರಿಯಬೇಡಿ. ಚಂದದ ಪಿಂಗಾಣಿ ಲೋಟಗಳಿಗೆ ಅಡಿಯಲ್ಲಿ ತೂತಿರುವುದಿಲ್ಲ, ಅವು ಗಿಡದ ಬಾವಿಗಳು. ನನಗೆ ಒಗ್ಗಿರುವುದು ತೆಂಗಿನ ಕರಟ. ಮೂರು ಕಣ್ಣಿರುವ ಹೋಳನ್ನೇ ಆರಿಸಿ. ಮೂರರಲ್ಲಿ ಒಂದು ಕಣ್ಣು ಮೆದುವಾಗಿರುತ್ತದೆ, ಮೊಳೆಯಿಂದ ಒತ್ತಿದರೆ ತೂತಾಗುತ್ತದೆ. ನೀರು ಹೋಗಲು ದೇವರೇ ಇಟ್ಟ ದಾರಿ. ಒಳಗಿನ ತೆಂಗಿನ ಚೂರನ್ನು ಕೆರೆದು ಒಂದು ದಿನ ಬಿಸಿಲಿಗಿಡದಿದ್ದರೆ ಇರುವೆ ಮುತ್ತುತ್ತದೆ. ಮಳೆಗಾಲಕ್ಕೆ ಮಾತ್ರ ಮಣ್ಣಿನ ಕುಂಡವೇ ಮೇಲು.

ಎಲೆಯಿಂದ ಮರಿ

ತಟ್ಟೆಯಲ್ಲಿ ಒಂದೂವರೆ ಇಂಚು ಮಿಶ್ರಣ ಹರವಿ, ಪೊರೆ ಕಟ್ಟಿದ ಎಲೆಗಳನ್ನು ಅದರ ಮೇಲೆ ಮಲಗಿಸಿ. ಹೂಳಬೇಡಿ, ಚುಚ್ಚಬೇಡಿ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದು, ಆಮೇಲೆ ಬೆಳಕು ಮಾತ್ರ ಇರುವ ಪೂರ್ವದ ಜಗಲಿ ಉತ್ತಮ.

ಎರಡರಿಂದ ನಾಲ್ಕು ವಾರದೊಳಗೆ ಬುಡದಲ್ಲಿ ಗುಲಾಬಿ ಇಲ್ಲವೇ ಬಿಳಿಯ ನೂಲಿನಂಥ ಬೇರುಗಳು ಬರುತ್ತವೆ. ಕೆಲವಕ್ಕೆ ಬೇರು ಮೊದಲು, ಕೆಲವಕ್ಕೆ ಮರಿ ಮೊದಲು. ಬೇರು ಕಂಡ ಮೇಲೆ ಅದರ ಮೇಲಷ್ಟೇ ಚಿಟಿಕೆ ಮಿಶ್ರಣ ಉದುರಿಸಿ, ಬೇರಿನ ಬಳಿ ಚಮಚದಲ್ಲಿ ನೀರು ಕೊಡಿ. ವಾರಕ್ಕೊಮ್ಮೆ ಸಾಕು. ಹತ್ತು ಎಲೆ ಇಟ್ಟರೆ ನನಗೆ ಆರೋ ಏಳೋ ಗಿಡವಾಗುತ್ತವೆ. ಒಂದೆರಡು ಬರೀ ಬೇರು ಬಿಟ್ಟು, ಮರಿಯಿಲ್ಲದೆ ತಿಂಗಳುಗಟ್ಟಲೆ ಕೂರುತ್ತವೆ. ಕಾದು ನೋಡಿ, ಆಮೇಲೆ ಆಸೆ ಬಿಡಿ.

ಎಲೆ ಸುಕ್ಕಾಗುವುದಕ್ಕೂ ಕೊಳೆಯುವುದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕೂರಬೇಕು. ಸುಕ್ಕಾಗುವ ತಾಯಿ ಎಲೆ ತುದಿಯಿಂದ ಒಣಗುತ್ತಾ, ಒಣದ್ರಾಕ್ಷಿಯಂತೆ ಮುದುಡುತ್ತದೆ. ಅದು ತನ್ನ ನೀರನ್ನು ಮರಿಗೆ ಕೊಡುತ್ತಿದೆ, ಮುಟ್ಟಬೇಡಿ. ಪೂರ್ತಿ ಒಣಗಿ ತಾನೇ ಕಳಚಲು ಎರಡು ಮೂರು ತಿಂಗಳಾದರೂ ಆದೀತು. ಕೊಳೆಯುವ ಎಲೆ ಹಾಗಲ್ಲ. ಬುಡದಿಂದ ಹಳದಿಯಾಗಿ, ಒಳಗೆ ದೀಪವಿಟ್ಟಂತೆ ಆಚೆ ಈಚೆ ಕಾಣುವಂತಾಗಿ, ಒತ್ತಿದರೆ ಕಳಿತ ಬಾಳೆಹಣ್ಣಿನಂತೆ ಕೈಗಂಟುತ್ತದೆ. ಅದನ್ನು ಅಂದೇ ತೆಗೆದು ಎಸೆಯಿರಿ, ಅಡಿಯಲ್ಲಿನ ಮಿಶ್ರಣವನ್ನೂ ತೆಗೆಯಿರಿ. ಅಡಿಕೆಯ ಕೊಳೆರೋಗ ಕಂಡವರಿಗೆ ಒಂದರಿಂದ ಇನ್ನೊಂದಕ್ಕೆ ಹಬ್ಬುವುದು ಎಂದರೇನೆಂದು ಹೇಳಬೇಕಿಲ್ಲ.

ಮರಿ ಒಂದು ಇಂಚು ಅಗಲವಾದ ಮೇಲೆ ಅದರದೇ ಕರಟಕ್ಕೆ.

ತಲೆ ಕತ್ತರಿಸುವುದು

ಕೇಳಲು ಕ್ರೂರ, ಆದರೆ ಮಲೆನಾಡಿನವರಿಗೆ ಬಹಳ ಬೇಕಾದ ವಿದ್ಯೆ. ಮಳೆಗಾಲದ ಮೋಡದಲ್ಲಿ ಬೆಳಕು ಸಾಲದೆ ಎಚೆವೇರಿಯಾ ತನ್ನ ದುಂಡು ರೂಪ ಬಿಟ್ಟು ಕತ್ತು ಉದ್ದ ಮಾಡಿಕೊಳ್ಳುತ್ತದೆ, ಎಲೆಗಳ ನಡುವೆ ಕಾಂಡ ಕಾಣುತ್ತದೆ. ಎಷ್ಟು ಬಿಸಿಲಿಗಿಟ್ಟರೂ ಎಳೆದ ಕತ್ತು ಮತ್ತೆ ಗಿಡ್ಡವಾಗುವುದಿಲ್ಲ. ಅಂಥದ್ದನ್ನು ನವೆಂಬರಿನಲ್ಲಿ ಕತ್ತರಿಸಿ.

ಬ್ಲೇಡನ್ನು ಸ್ಪಿರಿಟ್ಟಿನಿಂದ ಒರೆಸಿಕೊಳ್ಳಿ. ಬ್ಲೇಡು ಎಲೆಗಳ ನಡುವೆ ನುಗ್ಗದಿದ್ದರೆ ಗಟ್ಟಿ ಹೊಲಿಗೆ ದಾರವನ್ನು ಕಾಂಡಕ್ಕೆ ಒಂದು ಸುತ್ತು ಹಾಕಿ, ಎರಡೂ ತುದಿಯನ್ನು ಅತ್ತಿತ್ತ ಎಳೆಯಿರಿ, ಬೆಣ್ಣೆ ಕೊಯ್ದಂತೆ ಕೊಯ್ಯುತ್ತದೆ. ತಲೆಗೆ ಒಂದು ಇಂಚಾದರೂ ಕಾಂಡ ಉಳಿಯಲಿ. ಕೊಯ್ದ ಜಾಗವನ್ನು ನೋಡಿ: ತಿಳಿ ಹಸಿರೋ ಬಿಳಿಯೋ ಆಗಿದ್ದರೆ ಒಳ್ಳೆಯದು. ನಡುವೆ ಕಂದು ಚುಕ್ಕೆ ಕಂಡರೆ ಕೊಳೆ ಮೇಲೇರಿದೆ, ಚುಕ್ಕೆ ಕಾಣದಾಗುವವರೆಗೆ ತೆಳುವಾಗಿ ಮೇಲೆ ಮೇಲೆ ಕೊಯ್ಯುತ್ತಾ ಹೋಗಿ. ಬುಡ ಕೊಳೆತ ಗಿಡವನ್ನು ಉಳಿಸಿಕೊಳ್ಳುವ ದಾರಿಯೂ ಇದೇ. ನನಗೆ ಇದು ಮೊದಲೇ ಗೊತ್ತಿದ್ದರೆ ಆ ಐದರಲ್ಲಿ ಎರಡನ್ನಾದರೂ ಉಳಿಸುತ್ತಿದ್ದೆ.

ತಲೆಯನ್ನು ಖಾಲಿ ಲೋಟದ ಬಾಯ ಮೇಲೆ ಕೂರಿಸಿ ಹತ್ತು ದಿನ ಬಿಡಿ, ಆಮೇಲೆ ಒಣ ಮಿಶ್ರಣದ ಮೇಲೆ ಕೂರಿಸಿ. ಇನ್ನೊಂದು ವಾರ ಕಳೆದು ಮೊದಲ ನೀರು. ಉಳಿದ ಮೋಟು ಕಾಂಡವನ್ನು ಎಸೆಯಬೇಡಿ. ನಾಲ್ಕಾರು ವಾರದಲ್ಲಿ ಅದರ ಮೈಯಲ್ಲಿ ಎರಡು ಮೂರು ಮರಿಗಳು ಒಡೆಯುತ್ತವೆ. ಜೇಡಿನ ಕೊಂಬೆಗೂ ಇದೇ ಕ್ರಮ, ನಾಲ್ಕು ಇಂಚಿನ ತುಂಡು ಸಾಕು. ಹಾಲು ಸುರಿಸುವ ಕಳ್ಳಿ ಜಾತಿಯನ್ನು ಕತ್ತರಿಸುವಾಗ ಕೈಗೆ ಗವಸು ಹಾಕಿ, ಮಕ್ಕಳನ್ನು ದೂರವಿಡಿ. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ತುಂಡಿನ ತುದಿಯನ್ನು ನೀರಿನಲ್ಲಿ ಅದ್ದಿ ಹಾಲು ನಿಲ್ಲಿಸಿ, ಆಮೇಲೆ ಒಣಗಿಸಿ.

ಲೋಳೆಸರ, ಹವೊರ್ಥಿಯಾಗಳ ಮರಿ ಬೇರ್ಪಡಿಸುವುದಕ್ಕೆ ದೊಡ್ಡ ವಿವರಣೆ ಬೇಡ. ಮರಿ ತಾಯಿಯ ಮೂರನೆಯ ಒಂದು ಪಾಲು ಬೆಳೆದಿರಲಿ, ಕುಂಡ ಮಗುಚಿ ಅದರದೇ ಬೇರಿನ ಸಮೇತ ಬಿಡಿಸಿ, ಎರಡು ದಿನ ಗಾಯ ಆರಿಸಿ ನೆಡಿ.

ನೀರು, ಮತ್ತು ಜೂನ್ ತಿಂಗಳು

ವಾರಕ್ಕೆಷ್ಟು ನೀರು ಎಂದು ಕೇಳುವವರಿಗೆ ನಾನು ತೆಂಗಿನ ಗರಿಯ ಕಡ್ಡಿ ಕೊಡುತ್ತೇನೆ. ಕುಂಡದ ತಳದವರೆಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆದು, ತುದಿಯನ್ನು ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ನೀರು ಬೇಡ. ಕೊಡುವಾಗ ಅಡಿಯ ತೂತಿನಿಂದ ಹರಿಯುವಷ್ಟು ಕೊಡಿ, ಆದರೆ ಎಲೆಗಳ ನಡುವಿನ ಗೂಡಿಗೆ ಹನಿ ನಿಲ್ಲಬಾರದು. ನಿಂತರೆ ಬಾಯಿಂದ ಉಫ್ ಎಂದು ಊದಿ. ಫೆಬ್ರವರಿ ದಾಟಿದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಎಳೆ ಮರಿಗಳು ಸುಡುತ್ತವೆ, ಹನ್ನೊಂದು ಗಂಟೆಯ ಮೇಲೆ ನೆರಳು ಬೇಕು.

ಎಲೆಯ ಸಂದಿಯಲ್ಲಿ ಹತ್ತಿಯ ಚೂರಿನಂತೆ ಬಿಳಿ ಕಂಡರೆ ಹಿಟ್ಟು ತಿಗಣೆ. ಇರುವೆಗಳು ಸಾಲುಗಟ್ಟಿ ಕುಂಡ ಹತ್ತುತ್ತಿದ್ದರೂ ಅದೇ ಅನುಮಾನ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ವಾರದ ಮೇಲೆ ಮತ್ತೊಮ್ಮೆ ನೋಡಿ. ಮಳೆಗಾಲದ ಬಸವನಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಉಪಾಯ, ಉಪ್ಪು ಹಾಕಲು ಹೋಗಿ ಗಿಡವನ್ನೂ ಕೊಲ್ಲಬೇಡಿ.

ಮೇ ಕೊನೆಯ ವಾರ ಎಲ್ಲ ಕುಂಡಗಳನ್ನೂ ಮಾಡಿನ ಒಳಗೆ ತನ್ನಿ. ಎರಚಲು ತಲುಪದ, ಆದರೆ ಗಾಳಿ ತಲುಪುವ ಜಾಗ ಬೇಕು. ಕುಂಡಗಳ ನಡುವೆ ಒಂದು ಕೈಯಷ್ಟು ಅಂತರ ಬಿಡಿ. ಆರಿದ್ರೆ ಮಳೆಯಿಂದ ಹುಬ್ಬೆ ಮಳೆಯವರೆಗೆ, ಅಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕ, ನಾನು ತಿಂಗಳಿಗೆ ಒಂದು ಸಲ ಬುಡಕ್ಕೆ ಎರಡು ಚಮಚ ನೀರು ಕೊಟ್ಟರೆ ಹೆಚ್ಚು, ಬಿಳಿ ಎಲ್‌ಇಡಿ ಬಲ್ಬನ್ನು ಒಂದು ಅಡಿ ಮೇಲೆ ತೂಗಿಬಿಟ್ಟು ಸಂಜೆಯವರೆಗೆ ಉರಿಸುತ್ತೇನೆ. ಕರೆಂಟು ಇದ್ದರೆ. ಇಲ್ಲದ ದಿನ ಬಚ್ಚಲೊಲೆಯ ಕಿಟಕಿ ಇದೆ.

ಗಿಡ ಹೆಚ್ಚಾದ ಮೇಲೆ ಕೇಳುವವರೂ ಹೆಚ್ಚಾಗುತ್ತಾರೆ. ಎಲೆ ಕಳಿಸುವಾಗ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಶಿವಮೊಗ್ಗ ಮುಟ್ಟುವಷ್ಟರಲ್ಲಿ ಬೆವರಿರುತ್ತವೆ. ದಿನಪತ್ರಿಕೆಯ ಹಾಳೆಯಲ್ಲಿ ಒಂದೊಂದನ್ನೇ ಸುತ್ತಿ, ಬೆಂಕಿಪೊಟ್ಟಣದಲ್ಲಿಟ್ಟು, ಮೇಲೆ ಜಾತಿಯ ಹೆಸರು ಮತ್ತು ಕಿತ್ತ ತಾರೀಖು ಬರೆದು ಕೊಡಿ. ಅತ್ತಿಗೆಗೆ ನಾನು ಕೊಟ್ಟ ಪೊಟ್ಟಣವೊಂದು ಅವರ ಕೈಚೀಲದಲ್ಲಿ ಹದಿನೈದು ದಿನ ಮರೆತುಹೋಗಿತ್ತು. ತೆರೆದಾಗ ನಾಲ್ಕರಲ್ಲಿ ಮೂರು ಬೇರು ಬಿಟ್ಟಿದ್ದವು.